ತಿಮ್ಮಕ್ಕನ ಸರದಿ

ತೀರಿಕೊಂಡ ತಿಮ್ಮಕ್ಕನ ಬಿಂದಿಗೆಯನ್ನು ನಲ್ಲಿಯ ಸಾಲಿನಿಂದ ಎತ್ತಿಡಲು ವೆಂಕಟಸ್ವಾಮಿ ಬಗ್ಗಿದಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ತ್ಯಾಗರಾಜನಗರದ ಆ ಓಣಿಯಲ್ಲಿ ಜನಕ್ಕಿಂತ ಮೊದಲೇ ಬಿಂದಿಗೆಗಳು ಎಚ್ಚರಗೊಂಡು ತಾವಾಗಿಯೇ ನಡೆದು ಬಂದಂತಿತ್ತು. ಮಾಗಿಯ ಮಂಜಿನಲ್ಲಿ ಅವುಗಳ ಕಂಠ ಮಾತ್ರ ತೇಲುತ್ತಿತ್ತು.

ತಲೆಗೊಂದು ಬಿಂದಿಗೆ ಎಂಬುದು ಓಣಿಯ ಕಟ್ಟಳೆ. ಹೆಂಡತಿ ತಿಮ್ಮಕ್ಕ ಹೋದ ಮೇಲೂ ಪಿಳ್ಳಣ್ಣ ತನ್ನದರ ಪಕ್ಕ ಅವಳದನ್ನೂ ತಂದಿಡುತ್ತಿದ್ದ. ಯಾರೂ ಏನೂ ಅಂದಿರಲಿಲ್ಲ. ಆದರೆ ಈಚೆಗೆ, ಅವನ ಹಿಂದೆ, ಸಾಲಿನ ಕೊನೆಗೆ ನಿಲ್ಲುವ ಅಂಜನಮ್ಮನ ಸರದಿ ಬರುವಷ್ಟರಲ್ಲಿ ನಲ್ಲಿ ನಿಂತುಹೋಗುತ್ತಿತ್ತು. ಅವಳ ಕಂಕುಳಲ್ಲಿ ಎಳೆಮಗು.

ಮೂಲೆಮನೆಯ ಬಾಡಿಗೆ ಕೋಣೆಯ ವೆಂಕಟಸ್ವಾಮಿ ಎಂ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದವನು. ಹೆಚ್ಚು ಜನಕ್ಕೆ ಹೆಚ್ಚು ಸುಖ ತರುವುದೇ ಸರಿ ಎಂದು ನಂಬಿದ್ದ. ಹಾಗೆ ನಂಬುವ ಪಂಡಿತರಲ್ಲೇ, ಒಂದೊಂದು ಕೆಲಸವನ್ನೂ ಬೇರೆಬೇರೆಯಾಗಿ ತೂಗಿ ನೋಡು ಎನ್ನುವವರಿದ್ದರು. ಎಲ್ಲರಿಗೂ ಒಳಿತಾಗುವ ಕಟ್ಟಳೆ ಹಾಕಿಕೊಂಡು ಅದರಂತೆ ನಡೆ ಎನ್ನುವವರೂ ಇದ್ದರು. ರಾತ್ರಿಯೆಲ್ಲ ಯೋಚಿಸಿದ. ಹೇಗೆ ತೂಗಿದರೂ ಆ ಬಿಂದಿಗೆ ಅಲ್ಲಿರಬಾರದಿತ್ತು.

ಪಿಳ್ಳಣ್ಣ ನೋಡುತ್ತಿದ್ದ. ಕೋಪಿಸಿಕೊಳ್ಳಲಿಲ್ಲ. "ತೆಗಿ ಕಣಪ್ಪ. ಅವಳಿಲ್ಲ ಅಂತ ನಂಗೂ ಗೊತ್ತು. ಅದು ಸಾಲಲ್ಲಿ ಇರೋಷ್ಟು ಹೊತ್ತು ಮಾತ್ರ, ಇಲ್ಲೇ ಎಲ್ಲೋ ಹೋಗವಳೆ, ಬರ್ತಾಳೆ ಅನ್ಸುತ್ತೆ."

ವೆಂಕಟಸ್ವಾಮಿಯ ಕೈಯಲ್ಲಿ ಖಾಲಿ ಬಿಂದಿಗೆ ತಣ್ಣಗಿತ್ತು.

"ಇಟ್ಬಿಡಿ ಸಾರ್," ಎಂದಳು ಅಂಜನಮ್ಮ. "ಬದುಕಿದ್ದಾಗ ತಿಮ್ಮಕ್ಕ ಒಂದಿನಾನೂ ನೆಟ್ಟಗೆ ಸಾಲಲ್ಲಿ ನಿಂತೋಳಲ್ಲ. ಈಗಾದ್ರೂ ನಿಂತ್ಕೊಳ್ಲಿ."

ಸಾಲಿನಲ್ಲಿ ನಗು ಹರಿಯಿತು. ಪಿಳ್ಳಣ್ಣನೂ ನಕ್ಕ. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಮೆಲ್ಲಗೆ ಹೇಳಿದಳು: "ಇವತ್ತು ಅದನ್ನ ತೆಗೆದ್ರೆ, ನಾಳೆಯಿಂದ ನಾವೆಲ್ಲ ನಮ್ಮನಮ್ಮ ಬಿಂದಿಗೆ ನೋಡ್ಕೊಂಡು, ನಂದನ್ನ ಯಾವಾಗ ತೆಗೀತಾರೋ ಅಂತ ನಿಂತಿರಬೇಕಾಗುತ್ತೆ."

ವೆಂಕಟಸ್ವಾಮಿ ಸಾಲಿನುದ್ದಕ್ಕೂ ನೋಡಿದ. ಶಾಲು, ಸೆರಗು ಹೊದ್ದ ಅಷ್ಟೂ ಮುಖಗಳು ಅವನ ಕೈಯನ್ನೇ ನೋಡುತ್ತಿದ್ದವು. ಇವರೆಲ್ಲರ ಈ ದಿಗಿಲನ್ನು ಅವನು ತೂಗಿರಲಿಲ್ಲ. ಬಿಂದಿಗೆಯನ್ನು ಇದ್ದಲ್ಲೇ ಇಟ್ಟ.

ನೀರು ಬಂತು. ಸಾಲು ಒಂದೊಂದೇ ಹೆಜ್ಜೆ ಕರಗಿತು. ಪಿಳ್ಳಣ್ಣನದು ತುಂಬಿತು, ತಿಮ್ಮಕ್ಕನದೂ ತುಂಬಿತು. ಆಮೇಲೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅಂಜನಮ್ಮನ ಬಿಂದಿಗೆ ಒಣಗಿಯೇ ಇತ್ತು. ಪಿಳ್ಳಣ್ಣ ತನ್ನದನ್ನು ಅವಳ ಮುಂದೆ ಸರಿಸಿದ. ಅವಳು ಮುಟ್ಟಲಿಲ್ಲ, ನೀವೇನು ಕುಡೀತೀರಿ ಎಂದು ಕೇಳಿದಳು. ಹಾಗಾದರೆ ಇನ್ನೊಂದನ್ನು ಕೊಡಬಹುದಲ್ಲ ಎಂದು ವೆಂಕಟಸ್ವಾಮಿ ತಡವರಿಸಿದ.

"ಅದು ಅವಳ ನೀರು," ಎಂದ ಪಿಳ್ಳಣ್ಣ. "ಅವಳನ್ನ ಒಂದು ಮಾತು ಕೇಳ್ದೆ ಹೆಂಗೆ ಕೊಡ್ಲಿ?"

ಅವನು ಮಂಡಿಯೂರಿ ಕೂತು, ತುಂಬಿದ ಬಿಂದಿಗೆಯ ಬಾಯಿಗೆ ಬಾಯಿ ಹತ್ತಿರ ತಂದು ಏನನ್ನೋ ಪಿಸುಗುಟ್ಟಿದ. ಆಮೇಲೆ ಮುಖ ತಿರುಗಿಸಿ ಕಿವಿಯಿಟ್ಟ. ಹೊರಟಿದ್ದವರೂ ನಿಂತರು. ಒಳಗೆ ನೀರು ಇನ್ನೂ ಅಲುಗುತ್ತಿತ್ತು. ಉತ್ತರ ಕೇಳಿಸದೆ ಹೋದೀತೆಂದು ಅಂಜನಮ್ಮ, ಅಳಲು ಹೊರಟ ಮಗುವಿನ ಬಾಯ ಮೇಲೆ ಹಗುರವಾಗಿ ಕೈಯಿಟ್ಟಳು.