ಲೆಕ್ಕಕ್ಕಿಲ್ಲದ ಏಳನೆಯವರು

ಗೋಡೆಯ ಆಚೆಯಿಂದ ಯಾರೋ ತಟ್ಟಿದರು. ಮೂರು ಸಲ, ಮೆಲ್ಲಗೆ.

ತುರ್ಗಾಯ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಎದುರಿಗೆ ಕೂತಿದ್ದ ಮನೆಯೊಡತಿ ಇಂತಿಸಾರ್ ಕೈ ಹಿಂದಕ್ಕೆ ಚಾಚಿ, ಬೆರಳ ಗೆಣ್ಣಿನಿಂದ ಅದೇ ಗೋಡೆಗೆ ಮೂರು ಸಲ ತಟ್ಟಿದಳು. ಏನೂ ಆಗಿಲ್ಲವೆಂಬಂತೆ ಚಹಾದ ಲೋಟವನ್ನು ಅವನತ್ತ ಸರಿಸಿದಳು.

"ಒಳಗೆ ಯಾರಿದಾರೆ?"

ವಲಸೆ ಕಚೇರಿಯಿಂದ ಅವನ ಜೊತೆ ಬಂದಿದ್ದ ದುಭಾಷಿ ರಘದ್ ಪ್ರಶ್ನೆಯನ್ನು ಅರಬ್ಬಿಗೆ ತಿರುಗಿಸಿದಳು. "ಯಾರೂ ಇಲ್ವಂತೆ ಸಾಹೇಬ್ರೇ. ಇಲಿ ಇರಬೇಕಂತೆ."

"ಇಲಿಗೂ ಎಣಿಸೋಕೆ ಬರುತ್ತಾ? ಮೂರಕ್ಕೆ ಸರಿಯಾಗಿ ನಿಲ್ಲಿಸ್ತಲ್ಲ!"

ಯಾರೂ ನಗಲಿಲ್ಲ.

ಸಿರಿಯಾದ ಅಲೆಪ್ಪೊದಿಂದ ತುರ್ಕಿಗೆ ಓಡಿಬಂದಿದ್ದ ಈ ಕುಟುಂಬ, ಸಿರಿಯಾದ ನಿರಾಶ್ರಿತರಿಗೆಂದೇ ಇರುವ ತಾತ್ಕಾಲಿಕ ರಕ್ಷಣೆಯಡಿ ನೋಂದಾಯಿಸಿಕೊಂಡಿತ್ತು. ಗಂಡ, ಹೆಂಡತಿ, ನಾಲ್ಕು ಮಕ್ಕಳು. ಈ ವಿಳಾಸದಲ್ಲಿ ಅವರಷ್ಟೇ ಇರಬೇಕು. ಏಳನೆಯ ಯಾರೋ ಇದ್ದಾರೆ, ಗೋಡೆ ತಟ್ಟುತ್ತಾರೆ, ಅಳುತ್ತಾರೆ ಎಂದು ಹೊಸದಾಗಿ ಬಂದ ನೆರೆಯವರು ದೂರು ಕೊಟ್ಟಿದ್ದರು. ಕಳ್ಳದಾರಿಯಲ್ಲಿ ಗಡಿ ದಾಟಿ ಬಂದವರನ್ನು ಬಚ್ಚಿಟ್ಟಿದ್ದು ನಿಜವಾದರೆ ಇಡೀ ಮನೆಯವರ ಗುರುತಿನ ಚೀಟಿಗೆ ಕುತ್ತು. ಚೀಟಿ ಹೋದರೆ ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ತಿಂಗಳ ನೆರವೂ ಇಲ್ಲ.

ಮತ್ತೆ ಆ ಸದ್ದು.

ತುರ್ಗಾಯ್ ಗೋಡೆಯತ್ತ ತಿರುಗಿದ. ಹೋದ ವರ್ಷದ ಭೂಕಂಪ ಈ ಇಸ್ಲಾಹಿಯೆ ಊರನ್ನು ಅರ್ಧಕ್ಕರ್ಧ ಮಲಗಿಸಿತ್ತು. ಕುಸಿದು ಬಿದ್ದ ಅಕ್ಕನ ಮನೆಯ ಮೇಲೆ ಕಿವಿಯಿಟ್ಟು ಅವನು ಕೂತಿದ್ದಾಗ ಕೆಳಗಿನಿಂದ ಇಂಥದೇ ಸದ್ದು ಬರುತ್ತಿತ್ತು. ಆಮೇಲೆ ನಿಂತಿತು. ಅಂದಿನಿಂದ ಯಾರು ಬಾಗಿಲು ತಟ್ಟಿದರೂ ಅವನಿಗೆ ಅದೇ ಕೇಳಿಸುತ್ತಿತ್ತು.

ಇಂತಿಸಾರ್ ಈ ಸಲವೂ ಮರುತಟ್ಟಿದಳು.

"ಅಕ್ಕಾ, ಇನ್ನು ಮುಚ್ಚಿಡಬೇಡ. ನಿಜ ಹೇಳ್ಬಿಡು," ಎಂದಳು ರಘದ್.

ಇಂತಿಸಾರ್ ಸೆರಗಿನಂಥ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಒಬ್ರು ಅಜ್ಜಿ ಇದಾರೆ. ಮನೆ ಮಣ್ಣಾಯ್ತು. ಮಕ್ಕಳು, ಮೊಮ್ಮಕ್ಕಳು ಒಬ್ರೂ ಉಳೀಲಿಲ್ಲ. ದೀಪ ಆರಿಸಿದ್ರೆ ಕಿರುಚ್ಕೋತಾರೆ. ತಟ್ಟಿದಾಗ ಉತ್ತರ ಬರದಿದ್ರೆ ತಾನು ಸತ್ತೇಹೋದೆ ಅಂದ್ಕೋತಾರೆ. ಎಲ್ಲಿಗಂತ ಕಳಿಸ್ಲಿ?"

ರಘದ್ ಅಷ್ಟನ್ನೂ ತುರ್ಕಿಯಲ್ಲಿ ಹೇಳಿದಳು. ಹೇಳುವಾಗ ಅವಳ ದನಿಯೂ ಒಡೆಯಿತು.

"ಬಂದು ಎಷ್ಟು ದಿನ ಆಯ್ತು?"

"ಇವರ ಮನೆಗೆ ಬಂದು ವರ್ಷ ಆಯ್ತಂತೆ," ಎಂದಳು ರಘದ್.

"ವರ್ಷ! ಆವತ್ತೇ ಕಚೇರಿಗೆ ಬಂದು ಹೇಳ್ಬೇಕಿತ್ತು. ಬಚ್ಚಿಟ್ಟಿದ್ದೇ ತಪ್ಪು."

"ಒಂದ್ಸಲ ನಿಮ್ಮ ಕೈಗೆ ಸಿಕ್ಕಿದ್ರೆ ಅವರನ್ನ ದೂರ ಕಳಿಸಿಬಿಡ್ತೀರಿ," ಎಂದಳು ಇಂತಿಸಾರ್. "ನಮಗದು ಗೊತ್ತು. ಅವರಿಗೂ ಗೊತ್ತು."

ತುರ್ಗಾಯ್ ಪೆನ್ನು ಕೆಳಗಿಟ್ಟ. ಎಷ್ಟೋ ಜನರನ್ನು ಅವನು ಹಾಗೆ ಕಳಿಸಿದ್ದ. ಎದ್ದು ಹೋಗಿ ಒಳಕೋಣೆಯ ಬಾಗಿಲು ತಳ್ಳಿದ.

ಹಾಡಹಗಲಲ್ಲೂ ಅಲ್ಲಿ ದೀಪ ಉರಿಯುತ್ತಿತ್ತು. ಗೋಡೆಗೆ ಒತ್ತಿ ಹಾಸಿದ ಹಾಸಿಗೆಯ ಮೇಲೆ ಮುದುಕಿಯೊಬ್ಬಳು ಮುದುಡಿ ಕೂತಿದ್ದಳು. ಗೆಣ್ಣುಗಳು ಒರಟಾಗಿ ಜಡ್ಡುಗಟ್ಟಿದ್ದವು. ಮತ್ತೆ ತಟ್ಟಲು ಎತ್ತಿದ ಕೈ ಅವನನ್ನು ಕಂಡು ಹಾಗೆಯೇ ನಿಂತಿತು.

ಅವಳ ಮುಖವನ್ನು ಹೆಚ್ಚು ಹೊತ್ತು ನೋಡಲು ಅವನಿಂದಾಗಲಿಲ್ಲ. ರಘದ್ ಕಡೆ ತಿರುಗಿದ. "ಕೇಳು, ಸಿರಿಯಾದಲ್ಲಿ ಯಾವ ಊರು ಅಂತ."

"ಅವಳ ಕೈಲಿ ಯಾಕೆ ಕೇಳಿಸ್ತೀಯ ಮಗಾ, ನನ್ನನ್ನೇ ಕೇಳು," ಎಂದಳು ಮುದುಕಿ, ತುರ್ಗಾಯನ ತಾಯಿ ಆಡುತ್ತಿದ್ದ ಅದೇ ಅಚ್ಚ ತುರ್ಕಿಯಲ್ಲಿ. "ಹುಟ್ಟಿದ್ದೂ ಇದೇ ಇಸ್ಲಾಹಿಯೆ, ಮಣ್ಣಡಿ ಸಿಕ್ಕೊಂಡಿದ್ದೂ ಇದೇ ಇಸ್ಲಾಹಿಯೆ. ಕಲ್ಲು ಸರಿಸಿ ನನ್ನನ್ನ ಎತ್ಕೊಂಡು ಬಂದೋನು ಇವಳ ಗಂಡ. ನಿಮ್ಮ ವೃದ್ಧಾಶ್ರಮ ನಂಗೆ ಬೇಡ. ಅದೇನೋ ತಾತ್ಕಾಲಿಕ ರಕ್ಷಣೆ ಅಂತೀರಲ್ಲ, ಅದನ್ನ ನಂಗೂ ಬರ್ಕೊಡಪ್ಪಾ, ಇವರ ಮನೇಲಿ."