ನಾಳೆ ಕೊಡು

ನರ್ಸ್ ಕೀರ್ತಿ ಹೊಗಳಿಕೆಯ ಕಾಗದದ ಮೂರನೇ ಸಾಲು ಓದುವಷ್ಟರಲ್ಲಿ ಆಯಾ ಸಾಕಮ್ಮನ ಮುಖ ಸಪ್ಪಗಾಯಿತು. ಮಡಚುತ್ತಿದ್ದ ಬೆಡ್‌ಶೀಟನ್ನು ಕೆಳಗಿಟ್ಟು, "ನನ್ನ ಕೆಲಸದಿಂದ ತೆಗೆದ್ಬುಟ್ರಾ ಸಿಸ್ಟರ್?" ಎಂದು ಕೇಳಿದಳು.

ಅವಳ ಭಯಕ್ಕೆ ಕಾರಣವಿತ್ತು. ಮೈಸೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ಯಾರನ್ನಾದರೂ ಹೊಗಳುವುದು ಕಳಿಸಿಕೊಡುವ ದಿನ ಮಾತ್ರ. ಹೋದ ವರ್ಷ ಆಯಾ ಬಸವಮ್ಮನಿಗೆ ಶಾಲು ಹೊದಿಸಿ, ಇಂಥ ಕೆಲಸಗಾರ್ತಿ ಮತ್ತೊಬ್ಬಳಿಲ್ಲ ಎಂದು ಭಾಷಣ ಮಾಡಿ, ನಾಳೆಯಿಂದ ಬರುವುದು ಬೇಡ ಎಂದಿದ್ದರು. ಅಷ್ಟು ಒಳ್ಳೆಯವಳನ್ನು ಯಾಕೆ ಕಳಿಸುತ್ತೀರಿ ಎಂದು ಯಾರೂ ಕೇಳಲಿಲ್ಲ.

ಇದು ಹಾಗಲ್ಲ ಎಂದು ಕೀರ್ತಿ ಬಿಡಿಸಿ ಹೇಳಿದಳು. ನರ್ಸುಗಳು ಬೇಸತ್ತು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆಂದು ಆಡಳಿತದವರು ಯಶಸ್ ಎಂಬ ಮನಶ್ಶಾಸ್ತ್ರಜ್ಞರನ್ನು ಕರೆಸಿದ್ದರು. ಮೂವತ್ತೆರಡು ಹಾಸಿಗೆಗೆ ಇಬ್ಬರೇ ನರ್ಸುಗಳಿರುವುದಕ್ಕೆ ಅವರೇನೂ ಮಾಡುವಂತಿರಲಿಲ್ಲ, ಪಾಪ. ಮನಸ್ಸನ್ನು ಒಳ್ಳೆಯದರ ಕಡೆ ತಿರುಗಿಸುವುದಷ್ಟೇ ಅವರ ವಿದ್ಯೆ. ಇದುವರೆಗೆ ಥ್ಯಾಂಕ್ಸ್ ಹೇಳದ ಒಬ್ಬರಿಗೆ ಕಾಗದ ಬರೆದು, ಅವರ ಎದುರು ನಿಂತು ಓದಬೇಕು. ಕೇಳಿದವರು ಏನೆಂದರೆಂದು ಫಾರಂನಲ್ಲಿ ತುಂಬಬೇಕು. ಇದು ಈ ವಾರದ ಅಭ್ಯಾಸ.

ಸಾಕಮ್ಮ ಅರೆಮನಸ್ಸಿನಿಂದ, ಸರಿ ಓದಿ ಎಂದಳು.

ಕೀರ್ತಿ ಓದಿದಳು. ಕೆಲಸಕ್ಕೆ ಸೇರಿದ ಮೊದಲ ವಾರ ರೋಗಿಯೊಬ್ಬರು ತೀರಿಕೊಂಡಾಗ ತಾನು ಬಾತ್‌ರೂಮಿನಲ್ಲಿ ಅಳುತ್ತಿದ್ದದ್ದು, ಯಾರೂ ಒಳಗೆ ಬಾರದಂತೆ ಸಾಕಮ್ಮ ಬಾಗಿಲಿಗೆ ಬಕೆಟ್ ಅಡ್ಡವಿಟ್ಟು ಒರೆಸಿದ ನೆಲವನ್ನೇ ಒರೆಸುತ್ತ ನಿಂತದ್ದು. ಆರು ವರ್ಷದಿಂದ, ಊಟದ ಹೊತ್ತು ಮೀರಿದಾಗಲೆಲ್ಲ, ತನ್ನ ಡಬ್ಬಿ ಆರದಂತೆ ಅವಳು ಬಿಸಿನೀರಿನಲ್ಲಿಟ್ಟು ಕಾದದ್ದು. ಕೊನೆಯ ಸಾಲನ್ನು ಕಣ್ಣೊರೆಸಿಕೊಂಡು ಓದಿದಳು. ಫಾರಂ ತುಂಬಲೆಂದು ಬರೆದ ಕಾಗದ ತನ್ನನ್ನೇ ಅಳಿಸೀತೆಂದು ಅವಳು ಎಣಿಸಿರಲಿಲ್ಲ.

ಸಾಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಕೀರ್ತಿಯ ಕೋಟಿನ ಜೇಬಿನಲ್ಲಿ ಇನ್ನೊಂದು ಲಕೋಟೆ ಇಣುಕುತ್ತಿತ್ತು. ಅದನ್ನೇ ನೋಡುತ್ತ, "ಹಂಗಾದ್ರೆ ಹೋಗ್ತಿರೋದು ನೀವಾ?" ಎಂದಳು.

ಕೀರ್ತಿ ಸುಳ್ಳು ಹೇಳಲಿಲ್ಲ. ರಾಜೀನಾಮೆ ಪತ್ರ ನಾಲ್ಕು ದಿನದಿಂದ ಆ ಜೇಬಿನಲ್ಲಿತ್ತು. ಇವತ್ತು ಡ್ಯೂಟಿ ಮುಗಿಸಿ ಹೋಗುವಾಗ ಮೇಟ್ರನ್ ಕೈಗೆ ಕೊಟ್ಟೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದಳು.

"ನನ್ ಕೈಲಿ ಇನ್ನಾಗಲ್ಲ ಸಾಕಮ್ಮ. ಮನೆಗೋದ್ರೆ ಮಗು ಅಮ್ಮಾ ಅಂದ್ರೂ ಸಿಡುಕ್ತೀನಿ."

ಇರು ಎಂದು ಸಾಕಮ್ಮ ಹೇಳಲಿಲ್ಲ. ಅವಳಿಗೆ ಓದು ಬಾರದು. ಆದರೂ ಥ್ಯಾಂಕ್ಸ್ ಕಾಗದವನ್ನು ಇಸಕೊಂಡು ನಾಲ್ಕಾಗಿ ಮಡಚಿ, ಎಲೆಅಡಿಕೆ ಚೀಲದೊಳಗೆ ಜೋಪಾನವಾಗಿಟ್ಟಳು.

"ಇದು ನನ್ಗಿರಲಿ. ಆ ಜೇಬಲ್ಲಿರೋದ್ನ ನಾಳೆ ಕೊಡು ಕಣವ್ವ. ಎಂಟ್ನೇ ಬೆಡ್ ತಾತನ್ನ ಮಗ್ಗುಲು ತಿರುಗಿಸ್ಬೇಕು, ಒಬ್ಳ ಕೈಲಾಗಲ್ಲ."

ಇಬ್ಬರೂ ಹೋಗಿ ತಿರುಗಿಸಿದರು.

ಮುಂದಿನ ವಾರ ಯಶಸ್ ಫಾರಂಗಳನ್ನು ಒಂದೊಂದಾಗಿ ನೋಡುತ್ತ ಕೀರ್ತಿಯದನ್ನು ಎತ್ತಿಕೊಂಡರು. ಕೇಳಿದವರು ಏನೆಂದರು ಎಂಬ ಕಡೆ 'ನಾಳೆ ಕೊಡು ಎಂದರು' ಎಂದಷ್ಟೇ ಬರೆದಿತ್ತು. ಅರ್ಥವಾಗಲಿಲ್ಲವಲ್ಲ ಸಿಸ್ಟರ್ ಎಂದರು.

ಕೀರ್ತಿ ಜೇಬಿನಲ್ಲಿದ್ದ ಲಕೋಟೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

"ದಿನಾ ಹಂಗೇ ಅಂತಾರೆ ಸರ್."