ಸಂಜೆವರೆಗಿನ ಸೂಜಿ

"ಮನೆಗೆ ಹೋಗಿ ಮಲಗಿಬಿಟ್ರೆ ಈ ಸೂಜಿ ದಂಡ ಆಗುತ್ತೆ," ಎಂದು ಡಾಕ್ಟರು ಮೊದಲೇ ಗದರಿದರು. ಕುಲ್ಸುಂಬೀ ಆಗ ತಾನೇ ಮೇಜಿನಿಂದ ಇಳಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. "ಇದು ಔಷಧ ಅಲ್ಲಮ್ಮ, ಪರೀಕ್ಷೆ. ಸೊಂಟದ ನೋವನ್ನ ಹೊತ್ತು ತರೋ ನರವನ್ನ ಸಂಜೆ ತನಕ ಮರಗಟ್ಟಿಸಿದ್ದೀನಿ. ನೋವು ಹೋದ್ರೆ ಅದೇ ನರ ಅಂತ ಖಾತ್ರಿ. ಇವತ್ತೇ ರೇಡಿಯೋ ತರಂಗದ ಸೂಜಿ ಇಟ್ಟು ಅದನ್ನ ಸುಟ್ಟುಬಿಡ್ತೀನಿ, ಒಂದು ವರ್ಷ ಆರಾಮ. ಅನುಮಾನ ಇದ್ರೆ ಮುಂದಿನ ವಾರ ಮತ್ತೆ ಇದೇ ಪರೀಕ್ಷೆ." ಆಮೇಲೆ ಗಂಡನ ಕಡೆ ತಿರುಗಿದರು. "ಸಾಬ್ರೇ, ಏನು ಮಾಡಿದ್ರೆ ನೋಯುತ್ತೋ ಅದನ್ನೆಲ್ಲ ಮಾಡಿಸಿ. ನಡೆಸಿ, ಮೆಟ್ಟಿಲು ಹತ್ತಿಸಿ, ನೆಲದ ಮೇಲೆ ಕೂರಿಸಿ. ಬಿಟ್ಟು ಹೋಗಬೇಡಿ. ಆಗಾಗ ಕೇಳ್ತಾ ಇರಿ, ಸಂಜೆ ಬಂದು ನನಗೆ ಹೇಳಿ."

ಸುಭಾನಸಾಬ ಅದಿರಿನ ಲಾರಿಯ ಡ್ರೈವರು. ತಮ್ಮೂರು ಸಿರುಗುಪ್ಪದ ಮಿಲ್ಲುಗಳ ಅಕ್ಕಿ ಸಾಗಿಸುತ್ತಿದ್ದ ಕಾಲದಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಚೀನಾದವರಿಗೆ ಬಳ್ಳಾರಿಯ ಕೆಂಪು ಮಣ್ಣಿನ ಹುಚ್ಚು ಹಿಡಿದದ್ದೇ ತಡ, ಕುಲ್ಸುಂಬೀಯ ಪಾಲಿಗೆ ಗಂಡ ಅಪರೂಪದ ನೆಂಟನಾದ. ಬಂದರೂ ಮೈತುಂಬ ಕೆಂಧೂಳು. ಉಂಡು ಗೋಡೆಯ ಕಡೆ ತಿರುಗಿ ಮಲಗಿದನೆಂದರೆ ಮುಗಿಯಿತು, ಅವಳ ಮಾತೆಲ್ಲ ಅವನ ಬೆನ್ನಿನ ಜೊತೆ. ಸೊಂಟದ ನೋವು ಒಂದು ಕಡೆ, ಗಂಡನ ಹಂಬಲ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಡಾಕ್ಟರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಳ್ಳಾರಿಯ ಪಾರ್ವತಿನಗರದ ಆಸ್ಪತ್ರೆಯಿಂದ ಆಟೋ ಹಿಡಿದು ಇಬ್ಬರೂ ಕೋಟೆ ಗುಡ್ಡಕ್ಕೆ ಬಂದರು. ಮೆಟ್ಟಿಲು ಎಂದರೆ ಸುಭಾನಸಾಬನಿಗೆ ಹೊಳೆದದ್ದು ಅದೊಂದೇ.

"ನೋಯ್ತೈತೇನು?"

"ಇಲ್ಲ."

ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಮತ್ತೆ, "ಈಗ?"

ಟ್ರಿಪ್ಪಿಗೆ ಹೊರಡುವ ಮುಂಚೆ ಒಂದೊಂದೇ ಟೈರು ತಟ್ಟಿ ನೋಡುವ ಶ್ರದ್ಧೆಯಲ್ಲೇ ಕೇಳುತ್ತಿದ್ದ. ಕುಲ್ಸುಂಬೀಗೆ ನಗು ತಡೆಯಲಾಗಲಿಲ್ಲ. ಮದುವೆಯಾದ ಮೇಲೆ ಈ ಮನುಷ್ಯ ಇಷ್ಟು ಸಲ ಅವಳ ಮುಖ ನೋಡಿದ್ದೇ ಇಲ್ಲ.

"ಕೈ ಹಿಡೀಲೇನು?" ಎಂದ.

ಹಿಡಿಯುವ ಅಗತ್ಯ ಇರಲಿಲ್ಲ. ನೋವು ಹೇಳ ಹೆಸರಿಲ್ಲದೆ ಹೋಗಿತ್ತು. ಆದರೂ ಕೈ ಕೊಟ್ಟಳು. ಜನ ನೋಡಿದರೆ ನೋಡಲಿ, ಡಾಕ್ಟರು ಹೇಳಿದ್ದಾರೆ.

ಇಳಿದು ಬಂದು ಬೇವಿನ ಮರದ ನೆರಳಿಗೆ ನೆಲದ ಮೇಲೆ ಕಾಲು ಮಡಚಿ ಕೂತರು. ಅದೂ ಪರೀಕ್ಷೆಯೇ. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿಕೊಂಡು ಸುಭಾನಸಾಬ ಎಂದೂ ಇಲ್ಲದವನು ಮಾತಿಗೆ ತೊಡಗಿದ. ಅದಿರು ಸುರಿಯುವ ಬಂದರಿನ ಕಥೆ, ಅಲ್ಲಿಯ ಸಮುದ್ರದ ಕಥೆ. "ಅದರ ಸಪ್ಪಳ ಒಂದು ನಮೂನಿ ಐತಿ ಕುಲ್ಸುಂ, ಕೇಳಿದ್ರ ನಿದ್ದಿ ಬರಂಗಿಲ್ಲ," ಎಂದ. ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದನೋ. ಅವಳು ಮಿರ್ಚಿ ತಿನ್ನುವುದನ್ನೂ ಮರೆತು ಕೇಳಿದಳು.

ನಡುನಡುವೆ ಕುರುಗೋಡಿನಿಂದ ಲಾರಿ ಧಣಿ ಮರಿಬಸಪ್ಪನ ಫೋನು. "ಲೋಡಾಗಿ ನಿಂತೈತಲೇ ಸುಭಾನ, ರಾತ್ರಿ ಬಿಡಬೇಕು!" ಎಂಬ ಕೂಗು ಪಕ್ಕದಲ್ಲಿದ್ದ ಕುಲ್ಸುಂಬೀಗೂ ಕೇಳಿಸುತ್ತಿತ್ತು. "ಬಂದ್ನಿ ಧಣೇರ, ಸಂಜಿ ಮುಂದ ಬಿಡುವಾಗ್ತೀನಿ," ಎನ್ನುತ್ತಿದ್ದ ಅವನು. ಸಂಜೆ ಎಂಬ ಮಾತು ಕೇಳಿದಾಗಲೆಲ್ಲ ಅವಳು ಬೇವಿನ ನೆರಳು ಎಷ್ಟು ಉದ್ದವಾಯಿತೆಂದು ನೋಡುತ್ತಿದ್ದಳು. ಹೊತ್ತು ಇಳಿಯದಿದ್ದರೆ ಸಾಕು ಎಂದು ಬಾಯಿಬಿಟ್ಟು ಬೇಡಿಕೊಳ್ಳಬೇಕೆನಿಸಿತು.

ಹೊತ್ತು ಇಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ಹಿಡಿದು ಕೇಳಿದರು, "ಹೇಳಮ್ಮ, ನೋವು ಎಷ್ಟು ಕಡಿಮೆ ಆಯ್ತು? ಪೂರ್ತಿ ಹೋಯ್ತಾ?"

ಹೂಂ ಎಂದರೆ ಸಾಕು, ಅರ್ಧ ಗಂಟೆಯಲ್ಲಿ ನರ ಸುಟ್ಟು ಹೋಗುತ್ತದೆ. ಅವಳು ನೆಟ್ಟಗಿನ ಸೊಂಟ ಹೊತ್ತು ಸಿರುಗುಪ್ಪದ ಬಸ್ಸು ಹತ್ತುತ್ತಾಳೆ, ಅವನು ಲಾರಿ ಹತ್ತುತ್ತಾನೆ. ಇಂಥ ದಿನ ಮತ್ತೆ ಯಾವ ಕಾಲಕ್ಕೋ. ಕುಲ್ಸುಂಬೀ ಸೆರಗು ಬಿಗಿಯಾಗಿ ಹಿಡಿದುಕೊಂಡಳು.

"ಸರಿಯಾಗಿ ತಿಳೀಲಿಲ್ರಿ ಡಾಕ್ಟ್ರ."

ಅಂದುಬಿಟ್ಟ ಮೇಲೆ ಗಂಡನ ನೆನಪಾಯಿತು. ಇಡೀ ದಿನ ಜೊತೆಗಿದ್ದು ನೂರು ಸಲ "ಇಲ್ಲ" ಎನ್ನಿಸಿಕೊಂಡವನು ಪಕ್ಕದಲ್ಲೇ ನಿಂತಿದ್ದಾನೆ. ಸಿಟ್ಟಾಗುತ್ತಾನೆ, ಇವಳಿಗೆ ತಲೆಗಿಲೆ ಕೆಟ್ಟಿದೆಯೇನು ಎನ್ನುತ್ತಾನೆ ಎಂದುಕೊಂಡಳು. ಅಷ್ಟರಲ್ಲಿ ಅವನ ಫೋನು ಮತ್ತೆ ಬಡಿದುಕೊಂಡಿತು.

ಸುಭಾನಸಾಬ ಹೆಂಡತಿಯ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಫೋನು ಬಂದ್ ಮಾಡಿ ಜೇಬಿಗೆ ಇಳಿಸಿದ.

"ಹೌದ್ರಿ ಸಾಹೇಬ್ರ, ನನಗೂ ತಿಳೀಲಿಲ್ಲ."

"ಹಾಗಾದ್ರೆ ಮುಂದಿನ ವಾರ ಇನ್ನೊಂದು ಪರೀಕ್ಷೆ," ಎಂದು ಡಾಕ್ಟರು ಬೇಸರದಿಂದಲೇ ಪೆನ್ನು ಮುಚ್ಚಿದರು.

ಬಾಗಿಲ ತನಕ ಹೋದ ಸುಭಾನಸಾಬ ಕುತ್ತಿಗೆ ಕೆರೆದುಕೊಳ್ಳುತ್ತ ವಾಪಸು ಬಂದ.

"ಸಾಹೇಬ್ರ, ಈ ಸೂಜಿ ಸಂಜಿಗೇ ಇಳದುಬಿಡ್ತೈತ್ರಿ. ಎರಡು ದಿನ ತಡಿಯೋದು ಯಾವುದಾರ ಇದ್ರ, ಬರೋ ವಾರ ಅದನ್ನ ಹಾಕ್ರಿ."